ಏರ್ ಕ್ಲೀನರಿನ ಮೇಲಿನ ಕೆಂಪು ಗೆರೆ

ಬಟ್ಟಲಿನೊಳಗಿನ ಎಣ್ಣೆ ಬೆಳ್ಳಗಾಗಿತ್ತು. ಕಪ್ಪಾಗಿದ್ದರೆ ಎರಡು ಮಾತು ಬೈದು, ಬದಲಿಸಿ ಕಳಿಸುತ್ತಿದ್ದೆ. ಧೂಳು ಕುಡಿದ ಎಣ್ಣೆ ಕಪ್ಪಾಗಲೇಬೇಕು, ಅದು ಇರುವುದೇ ಅದಕ್ಕೆ. ಬೆಳ್ಳಗಾಯಿತೆಂದರೆ ಅದರಲ್ಲಿ ನೀರು ಸೇರಿದೆ ಎಂದರ್ಥ. ಎಂಜಿನ್ನು ಉಸಿರೆಳೆಯುವ ದಾರಿಯಲ್ಲಿ ನೀರು ಕಂಡರೆ ನನ್ನಂಥ ಮಿಸ್ತ್ರಿಗೆ ಮೈ ಜುಮ್ಮೆನ್ನುತ್ತದೆ. ಅದರಲ್ಲೂ ಆ ದಾರಿಯನ್ನು ನಾನೇ ನನ್ನ ಕೈಯಾರೆ ಭದ್ರ ಮಾಡಿ ಒಂದು ತಿಂಗಳೂ ಆಗಿರಲಿಲ್ಲ.

ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಿಪ್ಪಾಣಿಯಲ್ಲಿ ಒಂದು ತಂಬಾಕಿನ ಗೋದಾಮಿನ ಹಿಂಬದಿಗೆ ನನ್ನ ಗ್ಯಾರೇಜ್ ಇತ್ತು. ಕಾರು ಬೋರಗಾಂವದ ಡಾಕ್ಟರಬಾಯಿಯವರದು, ಬಿಳಿ ಬಣ್ಣದ ಹಳೆಯ ಡೀಸೆಲ್ ಅಂಬಾಸಿಡರ್. ಬಾಯಿಯವರು ಹೆರಿಗೆ ಡಾಕ್ಟರು. ದೂಧಗಂಗೆಯ ಆಚೆ ಈಚೆ ಹತ್ತಾರು ಹಳ್ಳಿಗಳಿಗೆ ಅವರೇ ಗತಿ. ಅವರ ಕಾರು ನಡೆಸುವವರು ಐವತ್ತು ದಾಟಿದ ಒಬ್ಬ ಡ್ರೈವರು. ಎಲ್ಲರೂ ಅವರನ್ನು ಮಾಮಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಹದಿನೈದು ವರ್ಷ ಆ ಮನೆಯ ಚಾಕರಿ ಮಾಡಿದ ಮನುಷ್ಯ.

ನನ್ನ ಸ್ವಭಾವವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಸಂಶಯದ ಪ್ರಾಣಿ. ಚಹಾಕ್ಕೆ ಸಕ್ಕರೆ ಹಾಕೀನಿ ಎಂದು ಹೆಂಡತಿ ಹೇಳಿದರೂ ಚಮಚೆಯಿಂದ ತಳ ಕೆದಕಿ ನೋಡಿಯೇ ಕುಡಿಯುವವನು. "ತಾ ಕಳ್ಳ, ಪರರ ನಂಬ," ಎಂದು ಅವಳು ನಗುತ್ತಿದ್ದಳು. ಆದರೆ ನನ್ನ ಕಸುಬಿನಲ್ಲಿ ಅದು ಗುಣವೇ. "ನಾ ಏನೂ ಮಾಡಿಲ್ರಿ, ತಾನ ಬಂದ್ ಬಿತ್ತು" ಎಂದ ಗಿರಾಕಿಯ ಮಾತನ್ನು ನಂಬಿ ಉದ್ಧಾರವಾದ ಮಿಸ್ತ್ರಿಯನ್ನು ನಾನಂತೂ ಕಂಡಿಲ್ಲ.

ಆ ವರ್ಷ ಜೂನಿನ ಮಿರಗದ ಮಳೆ, ಎಂದರೆ ಮೃಗಶಿರಾ ಮಳೆ, ಜೋರಾಗಿ ಬಂದು ದೂಧಗಂಗೆ ಬಂಧಾರದ ಮೇಲೆ ಹತ್ತಿತ್ತು. ಬಂಧಾರವೆಂದರೆ ನೀರು ನಿಲ್ಲಿಸಲು ಹೊಳೆಗೆ ಅಡ್ಡ ಕಟ್ಟಿದ ತಗ್ಗು ಗೋಡೆ. ಅದರ ಬೆನ್ನೇ ನಮ್ಮ ಕಡೆ ರಸ್ತೆ. ಆಚೆ ಹಳ್ಳಿಯಿಂದ ಹೆರಿಗೆಯ ಕರೆ ಬಂದಾಗ ಮಾಮಾ ಗಾಡಿಯನ್ನು ನೀರಿಗೆ ಇಳಿಸಿದ್ದಾರೆ. ಬಂಧಾರ ದಾಟಿಯೂ ಆಗಿದೆ. ಆಚೆ ದಂಡೆಯ ತಗ್ಗಿನಲ್ಲಿ ನೀರು ಬಾನೆಟ್ಟಿನ ಸೆರಗಿಗೆ ಮುಟ್ಟಿದೆ, ಗಾಡಿ ನಿಂತಿದೆ. ಅಲ್ಲಿಗೆ ಬಿಟ್ಟಿದ್ದರೆ ಗಾಡಿ ಉಳಿಯುತ್ತಿತ್ತು. ಇವರು ಎರಡು ಸಲ ಸ್ಟಾರ್ಟ್ ಹೊಡೆದಿದ್ದಾರೆ. ಗಾಳಿಯನ್ನು ಹಿಂಡಬಹುದು, ನೀರನ್ನು ಹಿಂಡಲು ಬರುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದಾಗ ಪಿಸ್ಟನ್ನು ಮೇಲೇರಿದರೆ ಬಾಗುವುದು ಅದನ್ನು ಹಿಡಿದ ರಾಡು. ಮೂರನೇ ಸಿಲಿಂಡರಿನ ರಾಡು ಬಾಗಿತ್ತು. ಎಂಜಿನ್ನು ಇಳಿಸಿ, ಸಾಮಾನಿಗಾಗಿ ಕೊಲ್ಲಾಪುರಕ್ಕೆ ಮೂರು ಸಲ ಓಡಾಡಿ, ಹನ್ನೊಂದು ದಿನಕ್ಕೆ ಗಾಡಿ ಎದ್ದಿತು. ಅಷ್ಟು ದಿನ ಬಾಯಿಯವರು ಕಂಪೌಂಡರನ ಮೋಟರ್ ಸೈಕಲ್ ಹಿಂದೆ ಕೂತು ತಿರುಗಿದರು.

ಗಾಡಿ ಒಯ್ಯಲು ಬಂದ ಬಾಯಿಯವರು ನನ್ನ ಮುಂದೆ ಒಂದೇ ಮಾತು ಇಟ್ಟರು.

"ಮಿಸ್ತ್ರಿ, ಎಂಜಿನ್ನಿನ ಕಥಿ ನನಗ ಬ್ಯಾಡ. ಹೊಳಿ ಬಂತಂತ ಹೆರಿಗಿ ನಿಲ್ಲೂದಿಲ್ಲ. ಮೂಗಿನಾಗ ನೀರು ಹೋಗಬಾರ್ದು, ಅಷ್ಟ ಮಾಡಿ ಕೊಡ್ರಿ."

ಮೂಗು ಎಂದ ಮಾತು ಸರಿಯಾಗಿತ್ತು. ಆ ಗಾಡಿಯ ಏರ್ ಕ್ಲೀನರು ಈಗಿನ ಹಾಗೆ ಕಾಗದದ್ದಲ್ಲ. ತಳದಲ್ಲಿ ಎಣ್ಣೆ ತುಂಬಿದ ಒಂದು ಬಟ್ಟಲು, ಅದರ ಮೇಲೆ ತಂತಿಯ ಜಾಳಿಗೆ. ಒಳಬಂದ ಗಾಳಿ ಎಣ್ಣೆಗೆ ಬಡಿದು ಮೇಲೇಳುತ್ತದೆ, ಧೂಳು ಎಣ್ಣೆಯಲ್ಲಿ ಉಳಿಯುತ್ತದೆ, ಗಾಳಿ ಜಾಳಿಗೆ ದಾಟಿ ಎಂಜಿನ್ನಿಗೆ ಹೋಗುತ್ತದೆ. ಕಬ್ಬಿನ ಗಾಡಿಗಳ ನಮ್ಮ ಧೂಳು ರಸ್ತೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಗಾಳಿ ಎಳೆಯುವ ಬಾಯಿ ಬಾನೆಟ್ಟಿನ ಒಳಗೇ ಇದೆ. ನೀರು ಅಷ್ಟು ಎತ್ತರ ಬಂದರೆ ಗಾಳಿಯ ಬದಲು ನೀರನ್ನೇ ಎಳೆಯುತ್ತದೆ. ಅದು ಗಾಡಿಯ ತಪ್ಪಲ್ಲ, ಹೊಳೆ ಈಜಲು ಅದನ್ನು ಯಾರೂ ಮಾಡಿರಲಿಲ್ಲ.

ನನಗೆ ದಾರಿ ತೋರಿಸಿದ್ದು ಟ್ರ್ಯಾಕ್ಟರು. ಟ್ರ್ಯಾಕ್ಟರು ಗಾಳಿ ಎಳೆಯುವುದು ತಲೆಯ ಮೇಲೆ ನಿಂತ ಕೊಳವೆಯಿಂದ. ಅದನ್ನೇ ಕಾರಿಗೆ ಮಾಡುವುದೆಂದುಕೊಂಡೆ. ಸಾದಾ ರಬ್ಬರ್ ಪೈಪು ಎಂಜಿನ್ನಿನ ಎಳೆತಕ್ಕೆ ಚಪ್ಪಟೆಯಾಗುತ್ತದೆ. ಅದಕ್ಕೆ ಹೊಲದ ಮೋಟರಿನವರು ಬಾವಿಗೆ ಇಳಿಬಿಡುವ, ಒಳಗೆ ತಂತಿಯ ಸುರುಳಿ ಇರುವ ಕಪ್ಪು ಸಕ್ಷನ್ ಪೈಪು ತಂದೆ. ಒಂದು ತುದಿಯನ್ನು ಏರ್ ಕ್ಲೀನರಿನ ಬಾಯಿಗೆ ಕ್ಲಿಪ್ಪು ಹಾಕಿ ಬಿಗಿದೆ. ಮಡ್‌ಗಾರ್ಡಿನಲ್ಲಿ ತೂತು ಕೊರೆದು, ಅಂಚಿಗೆ ಹಳೆಯ ಟ್ಯೂಬಿನ ಉಂಗುರ ಕೂರಿಸಿ, ಪೈಪನ್ನು ಹೊರಗೆ ತಂದೆ. ಅಲ್ಲಿಂದ ಬಳುಕಿಸಿ ಗಾಜಿನ ಪಕ್ಕದ ಕಂಬದಗುಂಟ ಎದೆಮಟ್ಟದವರೆಗೆ ಏರಿಸಿದೆ. ತುದಿಗೆ ಮಳೆ ಬೀಳದಂತೆ ಒಂದು ತಗಡಿನ ಟೊಪ್ಪಿಗೆ, ನಾಲ್ಕು ಕಾಲಿನದು, ಒತ್ತಿ ಕೂರಿಸುವಂಥದ್ದು. ಗಾಳಿ ಟೊಪ್ಪಿಗೆಯ ಕೆಳಗಿನ ಸಂದಿಯಿಂದ ಹೋಗಬೇಕು.

ಪರೀಕ್ಷೆಯನ್ನೂ ಮಾಡಿದೆ. ಎಂಜಿನ್ನು ಚಾಲೂ ಇಟ್ಟು, ಟೊಪ್ಪಿಗೆ ತೆಗೆದು ಪೈಪಿನ ಬಾಯಿಗೆ ಅಂಗೈ ಒತ್ತಿ ಹಿಡಿದೆ. ಎಂಜಿನ್ನು ಎರಡು ಸಲ ಕೆಮ್ಮಿ ನಿಂತಿತು. ನಿಲ್ಲದಿದ್ದರೆ ಬೇರೆಲ್ಲೋ ಗಾಳಿ ಎಳೆಯುತ್ತಿದೆ ಎಂದರ್ಥ, ಗಾಳಿ ಬರುವಲ್ಲಿ ನೀರೂ ಬರುತ್ತದೆ. ನಿಂತಿತು ಎಂದ ಮೇಲೆ ಉಸಿರಾಡಲು ಅದಕ್ಕಿದ್ದದ್ದು ಅದೊಂದೇ ದಾರಿ. ಅಂಗೈಯಲ್ಲಿ ಮೂಡಿದ ಕೆಂಪು ಉಂಗುರ ನೋಡಿಕೊಂಡು ನಾನು ಎಷ್ಟು ಹಿಗ್ಗಿದೆ ಎಂದರೆ, ಗಾಡಿಯನ್ನು ಬೋರಗಾಂವಕ್ಕೆ ನಾನೇ ಹೋಗಿ ಬಿಟ್ಟು ಬಂದೆ.

ಮನೆಯ ಅಂಗಳದಲ್ಲಿ ಬಾಯಿಯವರ ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. ಎಲ್ಲರಿಗೂ ಅವರು ಆಯಿ.

"ಇದೇನೋ ತಮ್ಮಾ, ಗಾಡಿಗೆ ಹಾವು ಸುತ್ತೀಯಲ್ಲ?"

"ಹಾವಲ್ಲ ಆಯಿ, ಗಣಪ್ಪನ ಸೊಂಡಿ. ನಿಮ್ಮ ಗಾಡಿ ಇನ್ನ ಇದರಾಗಿಂದನ ಉಸರಾಡೂದು. ಚಲೋತಂಗ ನೋಡ್ಕೋರಿ."

ಮಾಮಾ ನಕ್ಕರು. ಬಾಯಿಯವರೂ ನಕ್ಕರು. ನಾನು ಚಹಾ ಕುಡಿದು ಬಸ್ಸು ಹತ್ತಿದೆ.

ತಿಂಗಳಾಗುವಷ್ಟರಲ್ಲಿ ಮಾಮಾ ಗಾಡಿ ತಂದು ನಿಲ್ಲಿಸಿದರು. "ಮಿಸ್ತ್ರಿ, ಎಣ್ಣಿ ಬೆಳ್ಳಗಾಗೇತಿ ನೋಡ್ರಿ," ಎಂದರು. ಬಟ್ಟಲು ಬಿಚ್ಚಿದೆ. ಹೌದು, ಬೆಳ್ಳಗಾಗಿತ್ತು.

"ಮತ್ತ ನೀರಾಗ ಇಳಸೀರಿ."

"ಯಲ್ಲವ್ವನ ಆಣಿ ಇಲ್ರಿ. ಈ ತಿಂಗಳು ಹೊಳಿ ಬಂಧಾರದ ಕೆಳಗ ಐತಿ. ಬೇಕಂದ್ರ ಬಾಯಾರ್ನ ಕೇಳ್ರಿ."

ಆಣೆ ಹಾಕಿದವರನ್ನು ನಾನು ಇಮ್ಮಡಿ ಸಂಶಯದಿಂದ ನೋಡುತ್ತೇನೆ. ಆದರೂ ನನ್ನ ಕೆಲಸವನ್ನೇ ಮೊದಲು ಪರೀಕ್ಷಿಸಿದೆ. ಟೊಪ್ಪಿಗೆಯ ಮೇಲೆ ಹತ್ತು ಬಕೆಟ್ ನೀರು ಹುಯ್ದೆ, ಎದುರಿನಿಂದ ಎರಚಿದೆ, ಓರೆಯಾಗಿ ಎರಚಿದೆ. ಹೊಸ ಎಣ್ಣೆಯಲ್ಲಿ ಒಂದು ಹನಿಯೂ ಸೇರಲಿಲ್ಲ. ಮಳೆಯಲ್ಲ, ಹೊಳೆಯಲ್ಲ. ಹಾಗಾದರೆ ಏನು? ಸುಮ್ಮನೆ ಎಣ್ಣೆ ಬದಲಿಸಿ ಕಳಿಸಿದೆ.

ಮುಂದಿನ ತಿಂಗಳು ಮಾಮಾ ಟೈರಿಗೆ ಗಾಳಿ ತುಂಬಿಸಲು ಬಂದಾಗ ಹೀಗೇ ಬಂದ ಮಾತೆಂಬಂತೆ ಹೇಳಿದರು.

"ಮತ್ತ ಬೆಳ್ಳಗಾಗಿತ್ತ್ರಿ. ನಾನ ಚೆಲ್ಲಿ, ಜಾಳಿಗಿ ಡೀಸೆಲ್‌ದಾಗ ತೊಳದು, ಹೊಸಾದು ಹಾಕೀನಿ."

ನನ್ನ ಕಿವಿ ನೆಟ್ಟಗಾದವು. ಮೊದಲ ಸಲ ತಂದು ತೋರಿಸಿದ ಮನುಷ್ಯ ಎರಡನೇ ಸಲ ತಾನೇ ಯಾಕೆ ಚೆಲ್ಲಿದ? ಕಂಡದ್ದನ್ನು ಅಳಿಸಿ ಆಮೇಲೆ ಬಾಯಿಮಾತಿನಲ್ಲಿ ಹೇಳುವುದು ಯಾವ ಲೆಕ್ಕ? ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ಇವರು ತಾವಾಗಿಯೇ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಾರೆ ಅನಿಸಿತು. ಹೊರಡುವಾಗ ಇನ್ನೊಂದು ಮಾತು ಕೇಳಿದರು.

"ಮಿಸ್ತ್ರಿ, ಬಾಯಾರು ಗಾಡಿ ಮಾರೂ ಮಾತು ಏನರ ಆಡ್ಯಾರೇನ್ರಿ?"

"ಯಾಕ ಮಾಮಾ?"

"ಹಂಗ ಕೇಳಿದೆ ಬಿಡ್ರಿ."

ಹಾಗೇ ಯಾರೂ ಏನನ್ನೂ ಕೇಳುವುದಿಲ್ಲ. ಆ ದಿನವಿಡೀ ನನ್ನ ತಲೆ ಆ ಮಾತಿನ ಸುತ್ತಲೇ ತಿರುಗಿತು. ಮಾಮಾ ಪ್ರತಿ ಹುಣ್ಣಿಮೆಗೆ ಅಥಣಿ ದಾಟಿ ಕೊಕಟನೂರಿಗೆ, ಯಲ್ಲಮ್ಮನ ಗುಡಿಗೆ ಹೋಗುವವರು. ಹದಿನೈದು ವರ್ಷ ತಪ್ಪದ ರಜೆ ಅದು. ಮೊದಲ ಸಲ ಎಣ್ಣೆ ಬೆಳ್ಳಗಾದದ್ದು ಹುಣ್ಣಿಮೆ ಕಳೆದು ನಾಲ್ಕೈದು ದಿನಕ್ಕೆ. ಎರಡನೇ ಸಲವೂ ಅಷ್ಟೇ. ಅಥಣಿಯಲ್ಲಿ ಇವರ ತಮ್ಮ ಬಾಡಿಗೆ ಗಾಡಿ ಓಡಿಸುತ್ತಾನೆಂದು ಇವರೇ ಒಮ್ಮೆ ಹೇಳಿದ್ದರು. ನಾನು ಎಲ್ಲವನ್ನೂ ಜೋಡಿಸಿದೆ. ಅಣ್ಣ ಹುಣ್ಣಿಮೆಗೆ ಹೋಗುತ್ತಾನೆ, ತಮ್ಮ ಕಿವಿ ಊದುತ್ತಾನೆ, ಬಂದ ಮೇಲೆ ಅಣ್ಣ ಬಟ್ಟಲಿಗೆ ಒಂದು ಲೋಟ ನೀರು ಹಾಕುತ್ತಾನೆ. ಎಂಜಿನ್ನು ಮತ್ತೊಮ್ಮೆ ಹಾಳಾದರೆ ಬಾಯಿಯವರು ಬೇಸತ್ತು ಸಿಕ್ಕಷ್ಟಕ್ಕೆ ಮಾರುತ್ತಾರೆ, ಗಾಡಿ ತಮ್ಮನ ಬಾಗಿಲಿಗೆ ಹೋಗುತ್ತದೆ. ಎಂಜಿನ್ನು ಜೋಡಿಸಿದಷ್ಟೇ ಅಚ್ಚುಕಟ್ಟಾಗಿತ್ತು ಈ ಕಥೆ. ನನಗೇ ಅದು ಬಹಳ ಹಿಡಿಸಿತು ಎಂದು ಒಪ್ಪಿಕೊಳ್ಳಬೇಕು.

ಆಮೇಲೆ ಮಾಡಿದ ಕೆಲಸ ಇದು. ಮುಂದಿನ ವಾರ ಬ್ರೇಕ್ ನೋಡುವ ನೆಪದಲ್ಲಿ ಗಾಡಿ ತರಿಸಿದೆ. ಮಾಮಾ ಚಹಾಕ್ಕೆ ಹೋದಾಗ, ಬಟ್ಟಲನ್ನು ಹಿಡಿದ ಕ್ಲಿಪ್ಪಿನ ಮೇಲಿಂದ ಏರ್ ಕ್ಲೀನರಿನ ಮೈಗೆ ದಾಟುವಂತೆ ಕೆಂಪು ಬಣ್ಣದ ಒಂದು ಗೆರೆ ಎಳೆದೆ. ಬೆರಳಗಲದ್ದು, ಎನಾಮೆಲ್ ಬಣ್ಣದ್ದು. ಕ್ಲಿಪ್ಪು ಬಿಚ್ಚಿದರೆ ಗೆರೆ ತುಂಡಾಗುತ್ತದೆ, ಮತ್ತೆ ಎಷ್ಟೇ ಹುಷಾರಾಗಿ ಕೂಡಿಸಿದರೂ ಸರಿಯಾಗಿ ಕೂಡುವುದಿಲ್ಲ. ಯಾರಿಗೂ ಹೇಳಲಿಲ್ಲ.

ಎರಡು ತಿಂಗಳು ಎಣ್ಣೆಯ ಸುದ್ದಿಯೇ ಬರಲಿಲ್ಲ. ನಡುವೆ ಒಮ್ಮೆ ಗಾಡಿ ಬಂದಾಗ ಬಾನೆಟ್ಟು ಎತ್ತಿ ನೋಡಿದೆ. ಗೆರೆ ಇದ್ದಂತೆಯೇ ಇತ್ತು. ಬಟ್ಟಲು ಬಿಚ್ಚಿದರೆ ಗೆರೆ ನಾನೇ ಮುರಿದಂತಾಗುತ್ತದೆ ಎಂದು ಬಿಚ್ಚಲಿಲ್ಲ. ಕಳ್ಳ ಹೆದರಿದ್ದಾನೆ ಎಂದುಕೊಂಡೆ. ಮಾಮಾ ಮೊದಲಿನಂತೆ ಹರಟೆಗೆ ನಿಲ್ಲುತ್ತಿರಲಿಲ್ಲ, ಗಾಡಿ ಬಿಟ್ಟು ದೂರ ಹೋಗಿ ಕೂಡುತ್ತಿದ್ದರು. ಅದನ್ನೂ ನನ್ನ ಖಾತ್ರಿಗೇ ಸೇರಿಸಿಕೊಂಡೆ.

ದೀಪಾವಳಿ ಮುಗಿದು ಕಬ್ಬಿನ ಹಂಗಾಮು ಸುರುವಾಗಿತ್ತು. ಆಕಾಶದಲ್ಲಿ ಒಂದು ಮೋಡವಿಲ್ಲ, ಹೊಳೆ ತಳ ಕಂಡಿತ್ತು. ಒಂದು ಮಧ್ಯಾಹ್ನ ಬೋರಗಾಂವದಿಂದ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಆ ಕಾರನ್ನು ಎಳೆದು ತಂದರು. ಹಿಂದೆಯೇ ಬಾಯಿಯವರು ಯಾರದೋ ಜೀಪಿನಲ್ಲಿ ಬಂದರು. ಅವರ ಸೀರೆಯ ಅಂಚಿಗೆ ಕಬ್ಬಿನ ರವದಿ, ಒಣಗಿದ ಗರಿ, ಹತ್ತಿತ್ತು, ಮುಖ ಕೆಂಪಾಗಿತ್ತು. ಹೆರಿಗೆಯ ಮನೆ ಇನ್ನೂ ನಾಲ್ಕು ಮೈಲಿ ಇರುವಾಗ ಗಾಡಿ ಬಿಳಿ ಹೊಗೆ ಉಗುಳಿ ನಿಂತಿತ್ತು. ಬ್ಯಾಗು ಹಿಡಿದು ಕಬ್ಬಿನ ಟ್ರ್ಯಾಕ್ಟರ್ ಹತ್ತಿ ಹೋಗಿದ್ದರು.

"ಇನ್ನ ಹತ್ತು ಮಿನೀಟ್ ತಡಾ ಆಗಿದ್ರ ಆ ಹುಡಿಗಿ ರಕ್ತ ಹೋಗಿ ಸಾಯ್ತಿದ್ಲು, ಮಿಸ್ತ್ರಿ. ಹೊಳಿ ಇಲ್ಲ, ಮಳಿ ಇಲ್ಲ. ಈಗ ಏನ್ ಹೇಳ್ತೀರಿ?"

ಬಾನೆಟ್ಟು ಎತ್ತಿದೆ. ಗೆರೆ ಅಖಂಡವಾಗಿತ್ತು. ಅವರಿಗೆ ತೋರಿಸಿಯೇ ಅದನ್ನು ಮುರಿದು ಬಟ್ಟಲು ಇಳಿಸಿದೆ. ಅಂಚಿನವರೆಗೆ ಕೆಸರಿನಂಥ ಗಟ್ಟಿ ಬಿಳಿ ರಾಡಿ. ಜಾಳಿಗೆಯೆಲ್ಲ ಅದರಿಂದ ಮುಚ್ಚಿಹೋಗಿತ್ತು. ಬಟ್ಟಲು ಮಟ್ಟ ಮೀರಿ ತುಂಬಿದ್ದರಿಂದ ಎಂಜಿನ್ನು ಆ ರಾಡಿಯನ್ನೇ ಎಳೆದು ಉಸಿರುಗಟ್ಟಿತ್ತು. ಪುಣ್ಯಕ್ಕೆ ಈ ಸಲ ರಾಡು ಬಾಗಿರಲಿಲ್ಲ.

ಮಾಮಾ ಐದು ಹೆಜ್ಜೆ ದೂರ ನಿಂತಿದ್ದರು. ನಾನು ಬಾಯಿಯವರಿಗೆ ಹೇಳಿದೆ: ಬಟ್ಟಲನ್ನು ಯಾರೂ ಬಿಚ್ಚಿಲ್ಲ, ಈ ಗೆರೆಯೇ ಸಾಕ್ಷಿ. ಮಳೆ ನೀರು ಟೊಪ್ಪಿಗೆ ದಾಟುವುದಿಲ್ಲ, ಅದನ್ನು ಪರೀಕ್ಷಿಸಿದ್ದೇನೆ. ಅಂದ ಮೇಲೆ ಟೊಪ್ಪಿಗೆ ತೆಗೆದು ಪೈಪಿನ ಬಾಯಿಗೆ ಯಾರೋ ಬೇಕೆಂತಲೇ ನೀರು ಹಾಕಿದ್ದಾರೆ.

"ಯಾರು?"

"ಈ ಗಾಡಿಗೆ ಕೈ ಹಚ್ಚೂದು ಎಷ್ಟು ಮಂದಿ ಅದಾರ, ನೀವ ಹೇಳ್ರಿ."

ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಬಾಯಿಯವರು ತಿರುಗಿ ಮಾಮಾನ ಮುಖ ನೋಡಿದರು. ಮಾಮಾ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಆಮೇಲೆ ಮುರಿದ ಗೆರೆ ನೋಡಿದರು. ಕಿಸೆಯಿಂದ ಚಾವಿ ತೆಗೆದು ಮಡ್‌ಗಾರ್ಡಿನ ಮೇಲಿಟ್ಟರು.

"ಬರ್ತೀನ್ರಿ ಬಾಯಾರ," ಎಂದಷ್ಟೇ ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಅಲ್ಲ ಎನ್ನಲಿಲ್ಲ, ಆಣೆ ಹಾಕಲಿಲ್ಲ. ಬಾಯಿಯವರು ತಡೆಯಲಿಲ್ಲ. ತಪ್ಪಿಲ್ಲದವನು ಹೀಗೆ ಸುಮ್ಮನೆ ಹೋಗುತ್ತಾನೆಯೇ ಎಂದು ನಾನು ನನಗೇ ಹೇಳಿಕೊಂಡೆ. ಗೆರೆಯನ್ನು ಹೊಸದಾಗಿ ಎಳೆದು ಗಾಡಿ ಕಳಿಸಿದೆ.

ಮುಂದೆ ಬಾಯಿಯವರು ತಾವೇ ಗಾಡಿ ನಡೆಸತೊಡಗಿದರು. ತಿಂಗಳಿಗೊಮ್ಮೆ ತಂದು ತೋರಿಸಲು ಹೇಳಿದ್ದೆ. ಬಂದರು, ಗಾಡಿ ಬಿಟ್ಟು ಔಷಧಿ ಅಂಗಡಿಗೆ ಹೋದರು. ಅವರು ತಿರುಗಿ ಬರುವಷ್ಟರಲ್ಲಿ ಬಟ್ಟಲು ಇಳಿಸಿ, ಎಳ್ಳೆಣ್ಣೆಯಂತೆ ಹೊಳೆಯುವ ಎಣ್ಣೆ ತೋರಿಸಿ, "ನೋಡ್ರಿ, ನಾ ಹೇಳಿದ್ನೆಲ್ಲ" ಎನ್ನಬೇಕೆಂದು ಲೆಕ್ಕ ಹಾಕಿದ್ದೆ. ಗೆರೆ ಮುರಿದು ಬಟ್ಟಲು ಇಳಿಸಿದೆ.

ಎಣ್ಣೆ ಬೆಳ್ಳಗಾಗಿತ್ತು.

ನಾನು ನೆಲದ ಮೇಲೆ ಕೂತುಬಿಟ್ಟೆ. ಮಾಮಾ ಹೋಗಿ ತಿಂಗಳು ಸಮೀಪಿಸಿತ್ತು. ಕಳ್ಳ ಮನೆಯಲ್ಲೇ ಇಲ್ಲ, ಕಳವು ಮಾತ್ರ ನಡೆದಿದೆ. ಆಗ ಎದ್ದು, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಸಕ್ಷನ್ ಪೈಪನ್ನು ಪೂರ್ತಿ ಬಿಚ್ಚಿ ಬಿಸಿಲಿಗೆ ಹಿಡಿದು ಒಳಗೆ ನೋಡಿದೆ. ಮೇಲಿನಿಂದ ಕೆಳಗಿನವರೆಗೆ ಒಂದು ಬದಿಗೆ ಬಿಳಿ ಪದರು ಒಣಗಿ ಹತ್ತಿತ್ತು. ನೀರು ಹರಿದರೆ ಪದರು ಉಳಿಯುವುದಿಲ್ಲ. ಉಗುರಿನಿಂದ ಕೆರೆದು ತಿಕ್ಕಿದೆ, ಬೆಣ್ಣೆಯ ಜಿಡ್ಡು. ತಂಬಾಕಿನ ಗೋದಾಮಿನ ಬೆನ್ನಿಗೆ ಹತ್ತು ವರ್ಷ ಕೂತ ನನ್ನ ಮೂಗು ಸತ್ತುಹೋಗಿತ್ತು. ಬೇರೆ ಯಾರಾದರೂ ಆಗಿದ್ದರೆ ಮೊದಲ ದಿನವೇ ಹುಳಿ ವಾಸನೆ ಹಿಡಿಯುತ್ತಿದ್ದರು. ಪೈಪಿನ ಕೆಳಗಿನ ಬಳುಕಿನಲ್ಲಿ ಏನೋ ಸಿಕ್ಕಿಕೊಂಡಿತ್ತು. ತಂತಿ ಹಾಕಿ ಎಳೆದೆ. ಒಣಗಿದ ಕರಕಿ ಹುಲ್ಲು, ಮೂರು ಎಸಳಿನದು. ಗಣಪತಿಗೆ ಏರಿಸುವ ಕರಕಿ.

ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತೆ. ಮೂರು ದಿನದ ಹಿಂದೆ ಸಂಕಷ್ಟಿ. ಹಾಳೆ ಹಿಂದಕ್ಕೆ ತಿರುವಿದೆ. ಸಂಕಷ್ಟಿ ಬರುವುದೇ ಹುಣ್ಣಿಮೆಯ ನಾಲ್ಕನೇ ದಿನ. ಮಾಮಾ ಕೊಕಟನೂರಿಗೆ ಹೋಗಿ ಬಂದ ಮೇಲೆ ಎಂದು ನಾನು ಎಣಿಸಿದ ದಿನಗಳೆಲ್ಲ ಅವೇ. ಗಣಪ್ಪನ ಸೊಂಡಿ ಎಂದ ನನ್ನ ಮಾತು ಆಗ ನೆನಪಾಯಿತು.

ಬಾಯಿಯವರಿಗೆ, ಪೈಪು ತೊಳೆಯಬೇಕು, ಗಾಡಿ ನಾಳೆ ನಾನೇ ತರುತ್ತೇನೆ ಎಂದು ಹೇಳಿ ಕಳಿಸಿದೆ. ಮರುದಿನ ಅವರು ದವಾಖಾನೆಯಲ್ಲಿರುವ ಹೊತ್ತು ನೋಡಿ ಗಾಡಿಯನ್ನು ಅಂಗಳಕ್ಕೆ ತಂದೆ. ಆಯಿ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದರು.

"ಆಯಿ, ಸಂಕಷ್ಟಿಗೆ ಗಾಡಿಗೆ ಏನರ ಪೂಜಿ ಮಾಡ್ತೀರೇನ್ರಿ?"

ಮುದುಕಿಯ ಮುಖ ಅರಳಿತು.

"ಮಾಡದ ಬಿಡ್ತೀನೇನೋ? ನೀನ ಹೇಳಿದ್ದೆಲ್ಲೋ ತಮ್ಮಾ, ಗಣಪ್ಪನ ಸೊಂಡಿ ಅಂತ. ಅವತ್ತಿಂದ ಒಂದು ಸಂಕಷ್ಟಿ ತಪ್ಪಿಸಿಲ್ಲ. ಮುಂಜಾನಿ ಜಳಕಾ ಮಾಡಿ, ಡ್ರೈವರ ಬರೂದರಾಗ, ಕಿರೀಟ ತಗದು, ಇಪ್ಪತ್ತೊಂದು ಉದ್ಧರಣಿ ಹಾಲು, ಮ್ಯಾಲ ಎರಡ ಕರಕಿ. ಮತ್ತ ಕಿರೀಟ ಹಂಗ ಇಡ್ತೀನಿ. ಗಟಾಗಟಾ ಕುಡೀತಾನ! ಒಂದ ಹನಿ ಹೊರಗ ಬರೂದಿಲ್ಲ."

"ಯಾರಿಗೂ ಹೇಳಿಲ್ರೀ?"

"ಸೊಸಿ ಡಾಕ್ಟರ ಅದಾಳ, ನಗ್ತಾಳ. ಹಡಿಯೂ ಹೆಣ್ಮಕ್ಕಳ ಕಡೆ ಹೋಗೂ ಗಾಡಿ ಇದು. ದಾರ್ಯಾಗ ನಿಲ್ಲಬಾರ್ದಂತ ಬೇಡ್ಕೋತೀನಿ." ಬತ್ತಿ ಕೆಳಗಿಟ್ಟು ಕೇಳಿದರು: "ನಮ್ಮ ಡ್ರೈವರ ಯಾಕ ಬರವಲ್ಲ ತಮ್ಮಾ? ಆರಾಮ ಇಲ್ಲೇನ?"

ನಾನು ಗಾಡಿಯ ಚಾವಿಯನ್ನು ಕಟ್ಟೆಯ ಮೇಲಿಟ್ಟು ಬಸ್ಸಿಗೆ ಹೊರಟೆ.

ನಾನು ದೊಡ್ಡ ಮನುಷ್ಯನಂತೆ ಆಗಲೇ ಎಲ್ಲವನ್ನೂ ಒಪ್ಪಿಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ದಿನ ಲೆಕ್ಕ ಹಾಕಿದೆ. ಟೊಪ್ಪಿಗೆ ಕಿತ್ತು, ಪೈಪಿನ ಬಾಯಿ ಕೆಳಮುಖವಾಗುವಂತೆ ಒಂದು ಬಾಗು ತುಂಡು ಕೂರಿಸಿದರೆ ಮುಗಿಯಿತು. ಹಾಲು ಹೋಗುವುದಿಲ್ಲ, ಎಣ್ಣೆ ಬೆಳ್ಳಗಾಗುವುದಿಲ್ಲ. ಡ್ರೈವರ್ ಹೋದ, ಗಾಡಿ ನೆಟ್ಟಗಾಯಿತು, ಮಿಸ್ತ್ರಿ ಹೇಳಿದ್ದೇ ಖರೆ ಎಂದು ಊರೆಲ್ಲ ನಂಬುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಹದಿನೈದು ವರ್ಷ ದುಡಿದವನು ಕಳ್ಳನಾಗಿ ಉಳಿಯುತ್ತಾನೆ, ಅಷ್ಟೇ. ಎರಡನೆಯ ದಿನ ಚಹಾದ ತಳ ಕೆದಕುತ್ತಿರುವಾಗ ಹೆಂಡತಿ ಎಂದಿನಂತೆ ನಕ್ಕು, "ತಾ ಕಳ್ಳ" ಎಂದು ಅರ್ಧಕ್ಕೇ ಬಿಟ್ಟಳು. ಲೋಟ ಕೆಳಗಿಟ್ಟು, ಅಂಗಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ.

ಮಾಮಾ ಐನಾಪುರದಲ್ಲಿ ಮಗಳ ಮನೆಯಲ್ಲಿದ್ದಾರೆಂದು ಗೊತ್ತಾಗಿತ್ತು. ಕಾಗವಾಡದಲ್ಲಿ ಬಸ್ಸು ಬದಲಿಸಿ ಹೋದೆ. ಅಳಿಯನ ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುವ ಪಂಪಿನ ಮುಂದೆ ಕೂತು ಅದರ ಜಾಳಿಗೆ ತೊಳೆಯುತ್ತಿದ್ದರು. ನನ್ನನ್ನು ಕಂಡು ಎದ್ದರು, ಕೈ ಒರೆಸಿಕೊಂಡರು.

"ಬರ್ರಿ ಮಿಸ್ತ್ರಿ. ನೀರು ಕುಡೀರಿ."

ನೀರು ಕುಡಿಯದೆ ನಿಂತೇ ಹೇಳಿದೆ. ಆಯಿ, ಹಾಲು, ಕರಕಿ, ಕ್ಯಾಲೆಂಡರು, ಅವರ ತಮ್ಮನ ಮೇಲೆ ನಾನು ಕಟ್ಟಿದ ಕಥೆ, ಯಾವುದನ್ನೂ ಬಿಡಲಿಲ್ಲ. ಅವರು ಪಂಪಿನ ಜಾಳಿಗೆಯನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದರು. ಕೊನೆಗೆ ನಾನು ಕೇಳಿದೆ.

"ಮಾಮಾ, ಗಾಡಿ ಮಾರ್ತಾರೇನಂತ ಯಾಕ ಕೇಳಿದ್ರಿ?"

"ಮಾರಿದ್ರ ನನ್ನ ಕೆಲಸಾ ಹೋಗತ್ತೆಲ್ರಿ. ಈ ವಯಸ್ಸಿನಾಗ ಯಾರ ಕರೀತಾರ?"

ಇಷ್ಟೇ ಸರಳವಾದ ಮಾತು. ನನಗೆ ಅದು ಹೊಳೆದೇ ಇರಲಿಲ್ಲ.

"ಅವತ್ತ ನನ್ನ ಮುಂದ ಅಲ್ಲ ಅನ್ನಬೇಕಿತ್ತು ನೀವು."

ಮಾಮಾ ಮೊದಲ ಸಲ ದನಿ ಏರಿಸಿದರು.

"ಯಾರ ಮುಂದ ಅನ್ಲಿ? ಗೆರಿ ನೀವು ಯಾವತ್ತ ಹೊಡದ್ರಿ, ಅವತ್ತ ಸಂಜಿಗೆ ನನಗ ಕಂಡಿತ್ತು. ನಾ ಏನ್ ಕುರುಡನ? ವಾರಕ್ಕೊಮ್ಮಿ ಬಟ್ಲಾ ಬಿಚ್ಚಿ ನೋಡಾಂವ ನಾನು. ಬೆಳ್ಳಗಾದ್ರ ಚೆಲ್ಲಿ ತೊಳ್ದು ಹಾಕ್ತಿದ್ದೆ. ಎಲ್ಲಿಂದ ಬರ್ತೈತಿ ಗೊತ್ತಿರಲಿಲ್ಲ, ಆದ್ರ ಎಂಜಿನ್ನಿಗೆ ಹೋಗೂದಕ್ಕ ಬಿಟ್ಟಿರಲಿಲ್ಲ. ನೀವು ಗೆರಿ ಹೊಡದ್ರಿ. ಬಿಚ್ಚಿದ್ರ ಕಳ್ಳ ಆಗ್ತೀನಿ. ಅದಕ್ಕ ಕೈ ಬಿಟ್ಟೆ. ಎರಡ ತಿಂಗಳು ಬಾನೆಟ್ಟನ ಎತ್ತಲಿಲ್ಲ."

ತೋಟದಲ್ಲಿ ಯಾರೋ ಯಾರನ್ನೋ ಕೂಗುತ್ತಿದ್ದರು. ನಾನು ಪಂಪಿನ ಪಕ್ಕದಲ್ಲೇ ಕೂತೆ. ಆಯಿಯ ಹಾಲು ಗಾಡಿಯನ್ನು ನಿಲ್ಲಿಸಿರಲಿಲ್ಲ. ಅದನ್ನು ಎರಡು ತಿಂಗಳು ಬಟ್ಟಲಿನಲ್ಲಿ ಕಾಯ್ದು ಇಟ್ಟದ್ದು ನನ್ನ ಗೆರೆ. ಆ ಹುಡುಗಿ ರಕ್ತ ಹೋಗಿ ಸಾಯಬೇಕಾಗಿದ್ದದ್ದು ನನ್ನ ಜಾಣತನಕ್ಕೆ. ಹೆಸರೂ ಗೊತ್ತಿಲ್ಲದ ಆ ಬಾಣಂತಿಯನ್ನು ನೆನೆದು ನನಗೆ ಅಲ್ಲೇ ಕಣ್ಣೀರು ಬಂತು. ಮಾಮಾ ನೋಡಿಯೂ ನೋಡದವರಂತೆ ಜಾಳಿಗೆ ತೊಳೆದರು.

"ತಿರುಗಿ ಬರ್ರಿ ಮಾಮಾ."

ಜಾಳಿಗೆಯನ್ನು ಪಂಪಿಗೆ ಕೂರಿಸಿ ಹೇಳಿದರು. "ಆಯಿಗೆ ಏನೂ ಹೇಳಬ್ಯಾಡ್ರಿ, ಮುದುಕಿ ಕೊರಗ್ತಾಳ. ಬಾಯಾರಿಗೆ ಎಲ್ಲಾ ಹೇಳ್ರಿ. ಮತ್ತ ಆ ಗೆರಿ, ನನ್ನ ಮುಂದ, ಅವರ ಮುಂದ, ನೀವ ನಿಮ್ಮ ಕೈಯಾರೆ ಅಳಸ್ರಿ. ಅಂದ್ರ ಬರ್ತೀನಿ."

ಮರುದಿನ ಮೂವರೂ ನನ್ನ ಗ್ಯಾರೇಜಿನಲ್ಲಿ ನಿಂತಿದ್ದೆವು. ಬಾಯಿಯವರಿಗೆ ಎಲ್ಲ ಹೇಳಿದೆ. ಅವರು ಹಾಲಿನ ಸಂಗತಿ ಕೇಳಿ ಒಂದು ಕ್ಷಣ ನಗುವುದರಲ್ಲಿದ್ದರು, ಗೆರೆಯ ಸಂಗತಿ ಬಂದಾಗ ಆ ನಗು ಹೋಯಿತು. ಮಾಮಾನ ಕಡೆ ತಿರುಗಿ, "ನಂದೂ ತಪ್ಪೈತಿ ಮಾಮಾ, ನಾ ಒಂದ ಮಾತು ನಿಮ್ಮನ್ನ ಕೇಳಬೇಕಿತ್ತು," ಎಂದು ಚಾವಿ ಕೊಟ್ಟರು.

ಪೈಪಿನ ತುದಿಗೆ ಕೆಳಮುಖದ ಬಾಗು ತುಂಡು ಹಾಕಿ ಬೋಲ್ಟು ಬಿಗಿದೆ. ಕೆಳಗಿನ ಬಳುಕಿಗೆ, ಏನೇ ಒಳಬಂದರೂ ಸೋರಿಹೋಗಲಿ ಎಂದು ಕಡ್ಡಿಯಷ್ಟು ತೂತು ಕೊರೆದೆ. ಆಯಿಗೆ ಏನು ಹೇಳುವುದು ಎಂಬುದನ್ನು ಮಾಮಾ ತಾವೇ ನೋಡಿಕೊಂಡರು. ಗಣಪ್ಪ ಈಗ ಸೊಂಡಿ ಇಳಿಸಿ ಆಶೀರ್ವಾದ ಮಾಡಾಕತ್ತಾನ, ಇನ್ನ ಹಾಲು ಪಾದಕ್ಕ ಹಾಕ್ರಿ ಎಂದರಂತೆ. ಮುಂದೆ ಪ್ರತಿ ಸಂಕಷ್ಟಿಗೆ ಮುಂದಿನ ಗಾಲಿಯ ಟೈರಿಗೆ ಇಪ್ಪತ್ತೊಂದು ಉದ್ಧರಣೆ ಹಾಲು ಬೀಳುತ್ತಿತ್ತು, ಮಾಮಾ ಬೇಗನೆ ಬಂದು ಪಕ್ಕದಲ್ಲಿ ಕೈ ಮುಗಿದು ನಿಲ್ಲುತ್ತಿದ್ದರು.

ಆಮೇಲೆ ಗೆರೆ. ಡೀಸೆಲ್ಲಿನಲ್ಲಿ ಅದ್ದಿದ ಅರಿವೆಯಿಂದ ತಿಕ್ಕಿದೆ, ಹೋಗಲಿಲ್ಲ. ಪೆಟ್ರೋಲಿನಿಂದ ತಿಕ್ಕಿದೆ. ಬ್ಲೇಡಿನಿಂದ ಕೆರೆದೆ. ಕ್ಲಿಪ್ಪಿನ ಮೇಲಿನದು ಹೋಯಿತು, ಮೈಯ ಮೇಲಿನದು ತಗಡಿನ ಒರಟಿಗೆ ಕಚ್ಚಿಕೊಂಡಿತ್ತು. ಬೆರಳು ಉರಿಯತೊಡಗಿದರೂ ಕೆರೆಯುತ್ತಲೇ ಇದ್ದೆ. ಮಾಮಾ ಬಂದು ನನ್ನ ಕೈಯಿಂದ ಬ್ಲೇಡು ತೆಗೆದುಕೊಂಡರು.

"ಸಾಕ್ರಿ ಮಿಸ್ತ್ರಿ. ಇಷ್ಟ ಇರ್ಲಿ, ನಿಮಗ ನೆನಪಿರ್ತೈತಿ."

ಆ ಗಾಡಿ ಇನ್ನೂ ಆರು ವರ್ಷ ನನ್ನ ಕೈಯಲ್ಲೇ ಇತ್ತು, ಮಾಮಾನೇ ನಡೆಸಿದರು. ಬಟ್ಟಲು ಇಳಿಸಲು ಕ್ಲಿಪ್ಪಿಗೆ ಕೈ ಹಾಕಿದಾಗಲೆಲ್ಲ ನನ್ನ ಹೆಬ್ಬೆರಳು ಆ ಕೆಂಪು ಕಲೆಯ ಮೇಲೆಯೇ ಬೀಳುತ್ತಿತ್ತು.